ಮ್ಯಾನೇಜರುಗಳ ಪಟ್ಟಿಯಿಂದ ಬೇಡ, ದಫ್ತರಿಯಿಂದ ಶುರು ಮಾಡಿ

ಪ್ರಶ್ನೆ: ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಊರು ನಮ್ಮದು. ನಮ್ಮ ಅಪ್ಪ ಇಲ್ಲಿನ ಮೈಸೂರು ಬ್ಯಾಂಕಿನಲ್ಲಿ 35 ವರ್ಷ ಕೆಲಸ ಮಾಡಿ, ಹೆಡ್ ಕ್ಯಾಷಿಯರ್ ಆಗಿ ನಿವೃತ್ತರಾದರು. ಈಗ ಅವರಿಗೆ 82 ವರ್ಷ. ಹಳೆಯ ಸಿಬ್ಬಂದಿಯವರೆಲ್ಲ ಬರುವ ಬೇಸಿಗೆಯಲ್ಲಿ ಒಂದು ದಿನ ಸೇರುತ್ತಿದ್ದಾರೆ. ಅಷ್ಟರೊಳಗೆ ಶಾಖೆಯ ಇತಿಹಾಸ ಮತ್ತು ಅಲ್ಲಿ ದುಡಿದವರ ಬಗ್ಗೆ ಒಂದು ಸಣ್ಣ ಪುಸ್ತಕ ತರಬೇಕು ಅಂತ ನನ್ನ ಆಸೆ. ಬ್ಯಾಂಕಿನಲ್ಲಿ ಕೇಳಿದೆ, ಅಷ್ಟು ಹಳೇ ದಾಖಲೆ ಇಟ್ಟುಕೊಂಡಿಲ್ಲ ಅಂದರು. ಅಪ್ಪನನ್ನು ಕೇಳಿದರೆ ‘ಅದರಲ್ಲಿ ಹೇಳೋಕೆ ಏನಿದೆ ಮಗಳೇ’ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ನಾನೂ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಮ್ಯಾನೇಜರ್ ಆಗಿ ಹೊರಗೆ ಬಂದವನು. ನಿವೃತ್ತಿಯಾದ ಮೇಲೆ ಮೈಸೂರು, ಮಂಡ್ಯ ಕಡೆಯ ಶಾಖೆಗಳ ಹಳೇ ಸಂಗತಿಗಳನ್ನು ಕೂಡಿಸಿ ಬರೆದಿಡುವುದೇ ನನ್ನ ಕೆಲಸವಾಗಿದೆ. ನಿಮ್ಮ ತಂದೆಗೆ 82 ಅಂದಿರಿ. ಹಾಗಾಗಿ ತಡ ಮಾಡದೆ ಈ ವಾರವೇ ಶುರು ಮಾಡಿ.

ಮೊದಲು ದಾಖಲೆಯ ಮಾತು. ಬ್ಯಾಂಕಿನವರ ಮೇಲೆ ಬೇಸರ ಬೇಡ. ಬ್ಯಾಂಕುಗಳು ದಾಖಲೆಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ 1985ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಕೆಲವು ಪುಸ್ತಕಗಳಿಗೆ ಕನಿಷ್ಠ 5 ವರ್ಷ, ಲೆಡ್ಜರ್ (ಖಾತೆಗಳ ಪುಸ್ತಕ), ವೋಚರ್‌ಗಳಂಥವಕ್ಕೆ (ವಹಿವಾಟಿನ ಚೀಟಿಗಳು) ಕನಿಷ್ಠ 8 ವರ್ಷ. ಆಮೇಲೆ ಇಟ್ಟುಕೊಳ್ಳಲೇಬೇಕು ಅಂತಿಲ್ಲ. ಜಾಗ ಸಾಲದ ಶಾಖೆಯಲ್ಲಿ ಯಾರು ತಾನೇ ಇಟ್ಟುಕೊಳ್ಳುತ್ತಾರೆ? ನಾನು ಮೊದಲು ಕೆಲಸಕ್ಕೆ ಸೇರಿದ ಶಾಖೆಯ ಮೊಟ್ಟಮೊದಲ ಲೆಡ್ಜರನ್ನು ಒಂದು ಸಲ ನೋಡಬೇಕು ಅಂತ ನಿವೃತ್ತಿಯಾದ ಮೇಲೆ ಹೋಗಿದ್ದೆ. ಹಿಂದಿನ ವರ್ಷವಷ್ಟೇ ಹಳೇ ಪುಸ್ತಕಗಳನ್ನೆಲ್ಲ ಕಾಗದದ ಕಾರ್ಖಾನೆಗೆ ಕಳಿಸಿದ್ದರು. ಒಂದು ವರ್ಷ ಮುಂಚೆ ಹೋಗಿದ್ದರೆ ಮೊದಲ ಪುಟದ ಒಂದು ಫೋಟೋ ಆದರೂ ಸಿಗುತ್ತಿತ್ತು. ಆ ನೋವು ಇವತ್ತಿಗೂ ಇದೆ.

ಅಂದರೆ ನಿಮ್ಮ ಶಾಖೆಯ ಇತಿಹಾಸ ಈಗ ಬ್ಯಾಂಕಿನ ಒಳಗಿಲ್ಲ. ಊರಿನ ಮನೆಗಳಲ್ಲಿದೆ. ಪೆಟ್ಟಿಗೆಯಲ್ಲಿ, ಬೀರುವಿನಲ್ಲಿ, ಕೆಲವರ ನೆನಪಿನಲ್ಲಿ.

ಇಂಥ ಪುಸ್ತಕ ಮಾಡುವವರು ಸಾಮಾನ್ಯವಾಗಿ ಮ್ಯಾನೇಜರ್ ಕ್ಯಾಬಿನ್ನಿನ ಹಲಗೆಯನ್ನು ಹುಡುಕುತ್ತಾರೆ. ಯಾರು ಯಾವತ್ತಿನಿಂದ ಯಾವತ್ತಿನವರೆಗೆ ಮ್ಯಾನೇಜರ್ ಆಗಿದ್ದರು ಅಂತ ಬರೆದ ಹಲಗೆ. ಅದು ಸಿಕ್ಕಿದರೆ ಇತಿಹಾಸ ಸಿಕ್ಕಿತು ಅಂದುಕೊಳ್ಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮ್ಯಾನೇಜರ್ ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಊರಿನ ಬೀದಿಗಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಆರ್ಡರ್ ಬಂದಿರುತ್ತದೆ. ನಾನೇ ಹಾಗೆ ಐದು ಊರು ತಿರುಗಿದ್ದೇನೆ. ಶಾಖೆಯನ್ನು ಶಾಖೆ ಮಾಡಿದವರು ಅಲ್ಲೇ ಹದಿನೈದು, ಇಪ್ಪತ್ತು ವರ್ಷ ಕೂತ ಗುಮಾಸ್ತರು, ಕ್ಯಾಷಿಯರುಗಳು, ಅಟೆಂಡರುಗಳು. ಅವರಲ್ಲೂ ಎಲ್ಲರಿಗಿಂತ ಮೊದಲು ನೀವು ಹುಡುಕಬೇಕಾದವರು ದಫ್ತರಿ.

ದಫ್ತರಿ ಅಂದರೆ ಈಗಿನವರಿಗೆ ಗೊತ್ತಿಲ್ಲ. ದಿನದ ವಹಿವಾಟು ಮುಗಿದ ಮೇಲೆ ಅವತ್ತಿನ ವೋಚರ್‌ಗಳನ್ನೆಲ್ಲ ಜೋಡಿಸಿ, ಮೇಲೆ ಕೆಳಗೆ ರಟ್ಟು ಇಟ್ಟು, ದಬ್ಬಳದಿಂದ ತೂತು ಮಾಡಿ, ದಾರ ಪೋಣಿಸಿ ಹೊಲಿದು ಒಂದು ಕಟ್ಟು ಮಾಡುವವರು ಅವರು. ಮೇಲೆ ತಾರೀಖು ಬರೆದು ರೆಕಾರ್ಡ್ ರೂಮಿನಲ್ಲಿ ಜೋಡಿಸುವುದೂ ಅವರೇ. ನನ್ನ ಮೊದಲ ಶಾಖೆಯ ದಫ್ತರಿಯವರ ಬಲಗೈ ಹೆಬ್ಬೆರಳಿನ ಪಕ್ಕ ದಾರ ಎಳೆದೆಳೆದು ಒಂದು ಗೆರೆಯೇ ಬಿದ್ದಿತ್ತು. ಯಾರಾದರೂ ಬಂದು ‘ನಾಲ್ಕು ವರ್ಷದ ಹಿಂದೆ ದೀಪಾವಳಿ ಹೊತ್ತಿಗೆ ದುಡ್ಡು ಕಟ್ಟಿದ್ದೆ, ಬರೆದುಕೊಂಡಿಲ್ಲ’ ಅಂದರೆ, ಅವರು ಒಂದು ಮಾತೂ ಆಡದೆ ಒಳಗೆ ಹೋಗುತ್ತಿದ್ದರು. ಐದು ನಿಮಿಷದಲ್ಲಿ ಆ ಕಟ್ಟು ಹಿಡಿದುಕೊಂಡು, ಧೂಳು ಕೊಡವುತ್ತಾ ಬರುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ಯಾರ ಖಾತೆ ಯಾವ ಲೆಡ್ಜರಿನಲ್ಲಿದೆ ಅಂತ ಗುಮಾಸ್ತರಾದ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನಿಮ್ಮ ಶಾಖೆಯಲ್ಲಿ ಈ ಕೆಲಸ ಮಾಡಿದವರು ಇದ್ದಾರಾ, ಇಲ್ಲವಾದರೆ ಅವರ ಮಕ್ಕಳು ಎಲ್ಲಿದ್ದಾರೆ, ಮೊದಲು ವಿಚಾರಿಸಿ.

ಹೆಸರುಗಳ ಪಟ್ಟಿಯನ್ನು ಹುದ್ದೆ ಪ್ರಕಾರ ಮಾಡಬೇಡಿ. ಕೂತ ಜಾಗದ ಪ್ರಕಾರ ಮಾಡಿ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಹಳೇ ಕಟ್ಟಡದ ನಕ್ಷೆ ಬರೆಯಿರಿ. ಬಾಗಿಲು ಎಲ್ಲಿ, ಎಸ್‌ಬಿ (ಉಳಿತಾಯ ಖಾತೆ) ಕೌಂಟರ್ ಎಲ್ಲಿ, ಕ್ಯಾಷ್ ಕ್ಯಾಬಿನ್ ಎಲ್ಲಿ, ರೈತರು ಕೂರುತ್ತಿದ್ದ ಬೆಂಚು ಎಲ್ಲಿ. ಆಮೇಲೆ ಒಂದು ಚೆಕ್ಕು ನಡೆದ ದಾರಿಯನ್ನು ಅದರ ಮೇಲೆ ಗುರುತು ಮಾಡಿ. ಆಗ ದುಡ್ಡು ತೆಗೆಯುವುದು ಅಂದರೆ ಅರ್ಧ ದಿನದ ಕೆಲಸ, ಅಲ್ವಾ? ಚೆಕ್ಕನ್ನೋ ವಿತ್‌ಡ್ರಾಯಲ್ ಫಾರಂ ಅನ್ನೋ ಕೌಂಟರಿನಲ್ಲಿ ಕೊಟ್ಟರೆ ಗುಮಾಸ್ತರು ಹಿತ್ತಾಳೆಯ ಟೋಕನ್ ಕೊಡುತ್ತಿದ್ದರು. ಲೆಡ್ಜರ್ ತೆಗೆದು ಬರೆದು, ಬಾಕಿ ಕಳೆದು, ಆಫೀಸರ್ ಟೇಬಲ್ಲಿಗೆ ಕಳಿಸುತ್ತಿದ್ದರು. ಅವರು ಸಹಿ ತಾಳೆ ನೋಡಿ ಪಾಸ್ ಮಾಡಿದ ಮೇಲೆ ಅದು ಕ್ಯಾಷಿಗೆ ಹೋಗುತ್ತಿತ್ತು. ಕ್ಯಾಷಿಯರ್ ಟೋಕನ್ ನಂಬರ್ ಕೂಗುತ್ತಿದ್ದರು. ನಿಮ್ಮ ತಂದೆ ದಿನಕ್ಕೆ ನೂರಾರು ಸಲ ಕೂಗಿದ್ದಾರೆ. ಒಂದು ಚೆಕ್ಕಿನ ದಾರಿ ಹಿಡಿದರೆ ನಾಲ್ಕೈದು ಜನ ಸಿಗುತ್ತಾರೆ. ಪ್ರತಿ ಕುರ್ಚಿಯಲ್ಲಿ ಬೇರೆ ಬೇರೆ ಕಾಲಕ್ಕೆ ಯಾರ್ಯಾರು ಕೂತರು ಅಂತ ಕೇಳುತ್ತಾ ಹೋದರೆ ಇಡೀ ಶಾಖೆಯ ಹೆಸರು ಬಂದುಬಿಡುತ್ತದೆ. ಸುಮ್ನೆ ‘ನಿಮ್ಮ ಜೊತೆ ಯಾರ್ಯಾರು ಇದ್ದರು’ ಅಂತ ಕೇಳಿದರೆ ನಾಲ್ಕು ಹೆಸರು ಹೇಳಿ ನಿಲ್ಲಿಸುತ್ತಾರೆ. ಕುರ್ಚಿ ತೋರಿಸಿ ಕೇಳಿದರೆ ಬೇರೆಯೇ.

ಸಂಬಳದ ಪಟ್ಟಿಯಲ್ಲಿ ಇಲ್ಲದವರನ್ನು ಮರೆಯಬೇಡಿ. ಒಡವೆ ಸಾಲಕ್ಕೆ ಚಿನ್ನ ನೋಡುವ ಅಪ್ರೈಸರ್ ಬ್ಯಾಂಕಿನ ನೌಕರರಲ್ಲ, ಊರಿನ ಅಕ್ಕಸಾಲಿಗರಲ್ಲಿ ಒಬ್ಬರು. ಮೂಲೆಯ ಸಣ್ಣ ಮೇಜು, ಒರೆಗಲ್ಲು, ತಕ್ಕಡಿ, ಇಷ್ಟೇ ಅವರ ಆಫೀಸು. ನಾಟಿ ಹೊತ್ತಿಗೆ ಮಾಂಗಲ್ಯದ ಸರ ಬಿಚ್ಚಿಕೊಟ್ಟ ಹೆಣ್ಣುಮಕ್ಕಳು, ಕಬ್ಬಿನ ದುಡ್ಡು ಬಂದ ಮೇಲೆ ಬಂದು ಬಿಡಿಸಿಕೊಂಡಿದ್ದು, ಎರಡನ್ನೂ ಹತ್ತಿರದಿಂದ ಕಂಡವರು ಅವರು. ಊರಿನ ಬೇಸಾಯದ ವರ್ಷ ಹೇಗಿತ್ತು ಅಂತ ಅವರಷ್ಟು ಚೆನ್ನಾಗಿ ಹೇಳಬಲ್ಲವರು ಕಡಿಮೆ. ಹಾಗೆಯೇ ಗನ್‌ಮ್ಯಾನ್, ದಿನಕ್ಕೆ ಎರಡು ಸಲ ಕಾಫಿ ತರುತ್ತಿದ್ದ ಹೋಟೆಲಿನ ಹುಡುಗ, ಕಸ ಗುಡಿಸುತ್ತಿದ್ದ ಅಮ್ಮ. ಊರಿನಲ್ಲಿ ಸಿಂಡಿಕೇಟ್ ಬ್ಯಾಂಕ್ ಇದ್ದಿದ್ದರೆ ಪಿಗ್ಮಿ ಕಲೆಕ್ಟರ್ ಬಗ್ಗೆಯೂ ಕೇಳಿ. ದಿನಾ ಅಂಗಡಿ ಅಂಗಡಿಗೆ ಹೋಗಿ ಚಿಲ್ಲರೆ ದುಡ್ಡು ಕೂಡಿಸುವ ಪಿಗ್ಮಿ ಯೋಜನೆಯನ್ನು ಆ ಬ್ಯಾಂಕ್ 1928ರಲ್ಲೇ ಶುರು ಮಾಡಿತ್ತು. ನಿಮ್ಮ ಶಾಖೆಯ ಎದುರಾಳಿ ಅವರೇ ಆಗಿದ್ದಿರಬಹುದು.

ಶಾಖೆಗೆ ಬಂದ ಮೊದಲ ಮಹಿಳಾ ಉದ್ಯೋಗಿ ಯಾರು ಅನ್ನುವುದನ್ನೂ ತಪ್ಪದೆ ಕೇಳಿ. ಬಂದ ದಿನ ಅವರಿಗೆ ಬೇರೆ ಶೌಚಾಲಯ ಇತ್ತಾ, ಮನೆ ಎಲ್ಲಿ ಸಿಕ್ಕಿತು, ಕೊನೇ ಬಸ್ಸು ತಪ್ಪಿದರೆ ಏನು ಮಾಡುತ್ತಿದ್ದರು. ಅವರನ್ನೇ ಹುಡುಕಿ ಕೇಳಿದರೆ ಇನ್ನೂ ಒಳ್ಳೆಯದು.

ಈಗ ತಾರೀಖುಗಳ ವಿಚಾರ. ನಿಮಗೆ ಮನೆಮನೆಯಿಂದ ಪಾಸ್‌ಬುಕ್, ರಸೀದಿ, ಫೋಟೋ ಸಿಗುತ್ತವೆ. ಬಹಳಷ್ಟಕ್ಕೆ ತಾರೀಖು ಹರಿದಿರುತ್ತದೆ, ಅಳಿಸಿರುತ್ತದೆ. ಕಾಗದವೇ ತನ್ನ ವಯಸ್ಸು ಹೇಳುತ್ತದೆ. ಮೊತ್ತದ ಕಾಲಂನಲ್ಲಿ ರೂಪಾಯಿ, ಆಣೆ, ಪೈ ಅಂತ ಮೂರು ಮನೆ ಇದ್ದರೆ ಅದು 1957ಕ್ಕಿಂತ ಹಿಂದಿನದು. ಆ ವರ್ಷದ ಏಪ್ರಿಲ್ 1ರಿಂದ ನಯೇ ಪೈಸೆ ಬಂತು. ಹಳೇ ಪುಸ್ತಕಗಳನ್ನು ಮುಗಿಯುವ ತನಕ ಬಳಸಿರುವುದೂ ಉಂಟು, ಅದಕ್ಕೇ ಒಳಗಿನ ಬರಹವನ್ನು ನೋಡಿ. ಮೇಲೆ ‘ಬ್ಯಾಂಕ್ ಆಫ್ ಮೈಸೂರ್ ಲಿಮಿಟೆಡ್’ ಅಂತಿದ್ದರೆ 1960ಕ್ಕಿಂತ ಹಿಂದಿನದು. ‘ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್’ ಅಂತಿದ್ದರೆ ಆಮೇಲಿನದು. ರಬ್ಬರ್ ಸ್ಟಾಂಪಿನಲ್ಲಿ ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚೆ. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ನಿಮ್ಮೂರಿನ ವಿಳಾಸದಲ್ಲಿ ‘ಮೈಸೂರು ಜಿಲ್ಲೆ’ ಅಂತ ಕಂಡರೆ ತಪ್ಪು ಅಂದುಕೊಳ್ಳಬೇಡಿ. ಮಂಡ್ಯ ಪ್ರತ್ಯೇಕ ಜಿಲ್ಲೆ ಆಗಿದ್ದೇ 1939ರ ಜುಲೈ 1ರಂದು. ಅದಕ್ಕೆ ಮುಂಚಿನ ಸರ್ಕಾರಿ ವರದಿಗಳನ್ನು ಮೈಸೂರು ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು. ಊರಿನ ಹೆಸರೂ ಬದಲಾಗಿರಬಹುದು. ಪಾಂಡವಪುರದವರು ಹಳೇ ಕಾಗದದಲ್ಲಿ ಪಾಂಡವಪುರ ಅಂತ ಹುಡುಕಿದರೆ ಸಿಗುವುದಿಲ್ಲ, ‘ಫ್ರೆಂಚ್ ರಾಕ್ಸ್’ ಅಂತ ಹುಡುಕಬೇಕು.

ಈಗಿನ ಪಾಸ್‌ಬುಕ್ಕಿನಲ್ಲೂ ಹಳೇ ಗುರುತು ಉಳಿದಿದೆ. ಇದು ನನಗೆ ಬಹಳ ಇಷ್ಟದ ಸಂಗತಿ. 2017ರ ಏಪ್ರಿಲ್ 1ರಂದು ಮೈಸೂರು ಬ್ಯಾಂಕ್ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಬೋರ್ಡು ಹೋಯಿತು, ಹೆಸರು ಹೋಯಿತು. ಆದರೆ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡಿನಲ್ಲಿ ಎಸ್‌ಬಿಐಎನ್ ಆದ ಮೇಲೆ 0040 ಅಂತ ಬಂದರೆ, ಅದು ಮೈಸೂರು ಬ್ಯಾಂಕಿನಿಂದ ಬಂದ ಶಾಖೆ. ವಿಜಯಾ ಬ್ಯಾಂಕಿನ ಶಾಖೆಗಳೂ ಹಾಗೇ. 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿದ ಮೇಲೂ ಕೋಡಿನ ನಡುವೆ ವಿಜೆ ಅನ್ನುವ ಎರಡಕ್ಷರ ಉಳಿಸಿಕೊಂಡಿವೆ. ನಿಮ್ಮ ಪಾಸ್‌ಬುಕ್ ತೆಗೆದು ಒಂದು ಸಲ ನೋಡಿ.

ಬ್ಯಾಂಕಿನ ದೊಡ್ಡ ಕಥೆಯನ್ನು ಒಂದು ಪುಟದಲ್ಲಿ ಮುಗಿಸಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಬ್ಯಾಂಕ್ ಶುರುವಾಯಿತು. 1953ರಲ್ಲಿ ರಿಸರ್ವ್ ಬ್ಯಾಂಕಿನ ಏಜೆಂಟ್ ಆಗಿ ಸರ್ಕಾರದ ಖಜಾನೆ ಕೆಲಸ ನೋಡತೊಡಗಿತು. 1959ರ ಕಾಯ್ದೆಯಂತೆ 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆ ಆಯಿತು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ ಆದಾಗ ಮೈಸೂರು ಬ್ಯಾಂಕ್ ಆ ಪಟ್ಟಿಯಲ್ಲಿ ಇರಲಿಲ್ಲ, ಏಕೆಂದರೆ ಅದು ಆಗಲೇ ಸರ್ಕಾರಿ ವಲಯದಲ್ಲಿತ್ತು. ಇಲ್ಲಿ ಎಷ್ಟೋ ಜನ ತಪ್ಪು ಬರೆಯುತ್ತಾರೆ, ನೋಡಿಕೊಳ್ಳಿ. ಇದಕ್ಕಿಂತ ಜಾಸ್ತಿ ಬೇಡ.

ಆದರೆ ನಿಮ್ಮೂರಿಗೆ ಬ್ಯಾಂಕ್ ಯಾಕೆ ಬಂತು, ಯಾರ ದುಡ್ಡಿನಿಂದ ಬೆಳೆಯಿತು ಅನ್ನುವುದನ್ನು ಬಿಡಿಸಿ ಬರೆಯಿರಿ. ಮಂಡ್ಯ ಸೀಮೆಯಲ್ಲಿ ಉತ್ತರ ನೀರಿನಲ್ಲಿದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆಮೇಲೆ ನಾಲೆ ಬಂತು. ಆಗ ಇರ್ವಿನ್ ನಾಲೆ, ಈಗ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ, ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನಾವೆಲ್ಲ ಮೈಷುಗರ್ ಅನ್ನುವುದು ಅದನ್ನೇ. ಕಾರ್ಖಾನೆಯಿಂದ ರೈತನಿಗೆ ಒಂದೇ ಸಲ ದೊಡ್ಡ ಮೊತ್ತ ಬರತೊಡಗಿದ ಮೇಲೆ ಅದನ್ನು ಇಡಲು ಜಾಗ ಬೇಕಾಯಿತು, ಕಬ್ಬು ಬೆಳೆಯುವ ವರ್ಷವಿಡೀ ಕೈಸಾಲವೂ ಬೇಕಾಯಿತು. ಕಬ್ಬಿನ ಬಿಲ್ಲಿನಿಂದ ಸಾಲದ ಕಂತು ನೇರವಾಗಿ ಬ್ಯಾಂಕಿಗೆ ಮುರಿದು ಬರುತ್ತಿದ್ದ ಏರ್ಪಾಡು ನಿಮ್ಮ ಶಾಖೆಯಲ್ಲಿ ಇತ್ತಾ ಕೇಳಿ. ಬಿಲ್ಲು ಬಂದ ದಿನ ಶಾಖೆಯ ಮುಂದೆ ಎತ್ತಿನ ಗಾಡಿ ಎಷ್ಟು ನಿಲ್ಲುತ್ತಿದ್ದವು ಅಂತಲೂ ಕೇಳಿ. 1990ರಲ್ಲಿ 10,000 ರೂಪಾಯಿ ತನಕದ ಕೃಷಿ ಸಾಲ ಮನ್ನಾ ಆದಾಗ ಲೆಕ್ಕ ಹಾಕಲು ಯಾರು ರಾತ್ರಿಯೆಲ್ಲ ಕೂತರು ಅನ್ನುವುದು ಇನ್ನೊಂದು ಒಳ್ಳೆಯ ಪ್ರಶ್ನೆ.

ರಾತ್ರಿ ಕೂರುವುದು ಅಂದರೆ ಕ್ಲೋಸಿಂಗ್ ನೆನಪಾಗುತ್ತದೆ. 1980ರ ದಶಕದ ಕೊನೆಯವರೆಗೆ ಬ್ಯಾಂಕಿನ ವರ್ಷ ಮುಗಿಯುತ್ತಿದ್ದುದು ಮಾರ್ಚಿಗಲ್ಲ, ಡಿಸೆಂಬರ್ 31ಕ್ಕೆ. ಜೂನ್ 30ಕ್ಕೆ ಅರ್ಧ ವರ್ಷ. ಅವತ್ತು ಪ್ರತಿ ಖಾತೆಗೂ ಕೈಯಲ್ಲೇ ಬಡ್ಡಿ ಲೆಕ್ಕ ಹಾಕಬೇಕು, ಲೆಡ್ಜರ್ ತಾಳೆಯಾಗಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೂ ಬಿಡುವ ಹಾಗಿಲ್ಲ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟಿಕ್ ಹಾಕಬೇಕು. ನಡುರಾತ್ರಿ ಚಿತ್ರಾನ್ನ ಬರುತ್ತಿತ್ತು. ಬೆಳಗಿನ ಜಾವ ಟ್ಯಾಲಿ ಆಯಿತು ಅಂತ ಯಾರಾದರೂ ಕೂಗಿದಾಗ ಆಗುತ್ತಿದ್ದ ಸಂತೋಷವೇ ಬೇರೆ. ನಿಮ್ಮ ಪುಸ್ತಕದಲ್ಲಿ ಒಂದು ಕ್ಲೋಸಿಂಗ್ ರಾತ್ರಿ ಇರಲೇಬೇಕು. ಆ ಕಾಲದ ಗ್ರಾಹಕರ ನೆನಪಿಗೂ ಒಂದು ಕೊಕ್ಕೆ ಇದೆ. 2010ರ ಮಾರ್ಚ್ ತನಕ ಉಳಿತಾಯ ಖಾತೆಗೆ ಬಡ್ಡಿ ಸಿಗುತ್ತಿದ್ದುದು ತಿಂಗಳ 10ನೇ ತಾರೀಖಿನಿಂದ ಕೊನೇ ದಿನದವರೆಗಿನ ಅತಿ ಕಡಿಮೆ ಬಾಕಿಯ ಮೇಲೆ. ಅದಕ್ಕೇ ಹತ್ತರೊಳಗೆ ಕಟ್ಟಬೇಕು ಅಂತ ಮೇಷ್ಟ್ರುಗಳು ಓಡಿ ಬರುತ್ತಿದ್ದರು. ‘ನೀವು ಹತ್ತನೇ ತಾರೀಖಿನೊಳಗೆ ಹೋಗುತ್ತಿದ್ದಿರಾ’ ಅಂತ ಊರಿನ ಹಿರಿಯರನ್ನು ಕೇಳಿ, ಮಾತು ತಾನಾಗಿ ಹರಿಯುತ್ತದೆ.

ಕಟ್ಟಡದ ವಿಷಯಕ್ಕೆ ಬ್ಯಾಂಕಿಗಿಂತ ಮನೆ ಯಜಮಾನರನ್ನು ಹಿಡಿಯುವುದು ಮೇಲು. ತಾಲ್ಲೂಕು ಊರುಗಳಲ್ಲಿ ಬ್ಯಾಂಕ್ ಸಾಮಾನ್ಯವಾಗಿ ಬಾಡಿಗೆ ಕಟ್ಟಡದಲ್ಲೇ ಇರುತ್ತಿತ್ತು. ಕರಾರು ಪತ್ರದ ಒಂದು ಪ್ರತಿ ಯಜಮಾನರ ಮನೆಯಲ್ಲಿರುತ್ತದೆ. ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆ ಆಸ್ತಿಯ ಋಣಭಾರ ಪತ್ರ ತೆಗೆಸಿ. ಕರಾರು ನೋಂದಣಿ ಆಗಿದ್ದರೆ ಅದರಲ್ಲಿ ಬರುತ್ತದೆ. ಹಳೇ ಕಟ್ಟಡಕ್ಕೆ ಒಮ್ಮೆ ಹೋಗಿಯೂ ನೋಡಿ. ಸ್ಟ್ರಾಂಗ್ ರೂಮಿನ ದಪ್ಪ ಗೋಡೆ ಒಡೆಯುವುದು ಕಷ್ಟ ಅಂತ ಎಷ್ಟೋ ಕಡೆ ಹಾಗೇ ಬಿಟ್ಟಿರುತ್ತಾರೆ. ಒಂದು ಊರಿನಲ್ಲಿ ಈಗ ಅದರಲ್ಲಿ ಗೊಬ್ಬರದ ಮೂಟೆ ಇಟ್ಟಿದ್ದನ್ನು ಕಂಡೆ. ಶಾಖೆ ತೆರೆಯಲು, ಅದನ್ನು ಬೇರೆ ಊರಿಗೆ ಬದಲಿಸಲು 1949ರ ಬ್ಯಾಂಕಿಂಗ್ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿತ್ತು. ಆ ಲೈಸೆನ್ಸಿನ ತಾರೀಖು ಮಾತ್ರ ಕೊಡಿ ಅಂತ ಈಗಿನ ಮ್ಯಾನೇಜರಿಗೆ ಕಾಗದದಲ್ಲಿ ಬರೆದು ಕೊಡಿ. ‘ಹಳೇ ದಾಖಲೆ ಕೊಡಿ’ ಅಂದರೆ ಇಲ್ಲ ಅಂತಾರೆ. ಒಂದೇ ಒಂದು ತಾರೀಖು ಕೇಳಿದರೆ ಹುಡುಕಿ ಕೊಡುವ ಒಳ್ಳೆಯವರು ಇದ್ದಾರೆ.

ಮೈಸೂರಿಗೆ ಬಂದಾಗ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿಗೂ, ಹಳೇ ಪತ್ರಿಕೆ ಇಟ್ಟಿರುವ ಗ್ರಂಥಾಲಯಕ್ಕೂ ಒಂದು ದಿನ ಕೊಡಿ. 1967ರ ಮಂಡ್ಯ ಜಿಲ್ಲಾ ಗೆಜೆಟಿಯರಿನಲ್ಲಿ ಬ್ಯಾಂಕು, ವ್ಯಾಪಾರದ ಬಗ್ಗೆ ಒಂದು ಅಧ್ಯಾಯವಿದೆ, ಅದನ್ನು ಮೊದಲು ಓದಿ. ಮಿಕ್ಕಿದ್ದು ಆಮೇಲೆ.

ಯಾವುದನ್ನು ಅಚ್ಚು ಹಾಕಬಾರದು ಅನ್ನುವುದನ್ನೂ ಹೇಳಬೇಕು. ಯಾರದೇ ಖಾತೆ ನಂಬರ್, ಬಾಕಿ, ಸಾಲದ ಮೊತ್ತ, ಸಹಿ ಪುಸ್ತಕದಲ್ಲಿ ಬರಬಾರದು. ಪಾಸ್‌ಬುಕ್ಕಿನ ಫೋಟೋ ಹಾಕುವುದಾದರೆ ಮನೆಯವರ ಒಪ್ಪಿಗೆ ಪಡೆದು, ಅಂಕಿಗಳನ್ನು ಮುಚ್ಚಿ ಹಾಕಿ. ಬ್ಯಾಂಕಿನವರು ಜೀವಮಾನವೆಲ್ಲ ಕಾಪಾಡಿದ ಗುಟ್ಟು ಅದು. ಇನ್ನೊಂದು, ಸಸ್ಪೆಂಡ್ ಆದವರ, ಕ್ಯಾಷ್ ಕಡಿಮೆ ಬಂದವರ ಕಥೆಗಳು ಖಂಡಿತ ಕಿವಿಗೆ ಬೀಳುತ್ತವೆ. ಬರೆಯಬೇಡಿ. ಅವರ ಮಕ್ಕಳು ಅದೇ ಊರಿನಲ್ಲಿದ್ದಾರೆ. ಕ್ಯಾಷ್ ಕಡಿಮೆ ಬಂದರೆ ಕ್ಯಾಷಿಯರ್ ಸ್ವಂತ ಜೇಬಿನಿಂದ ಕಟ್ಟಬೇಕಿತ್ತು, ಆ ಭಯದಲ್ಲೇ ಪ್ರತಿ ಸಂಜೆ ಕಳೆಯುತ್ತಿತ್ತು ಅಂತ ಹೆಸರಿಲ್ಲದೆ ಬರೆದರೆ ಸಾಕು. ನಿಮ್ಮ ಅಪ್ಪನ ಮನೆಗೂ ಅಂಥ ಸಂಜೆಗಳು ಬಂದಿರಬಹುದು. ಅಮ್ಮ ಇದ್ದರೆ ಅವರನ್ನು ಕೇಳಿ.

ಕೊನೆಗೆ ಅಪ್ಪನ ವಿಷಯ. ‘ಅನುಭವ ಹೇಳಿ’ ಅಂತ ಕೇಳಿದರೆ ಅವರ ಕಾಲದ ಕ್ಯಾಷಿಯರುಗಳು ಯಾರೂ ಬಾಯಿ ಬಿಡುವುದಿಲ್ಲ. ಮಾತಿಲ್ಲದೆ ಎಣಿಸುವುದೇ ಅವರ ಕೆಲಸವಾಗಿತ್ತು. ಅವರ ಕೈಗೆ ಒಂದು ಕೆಲಸ ಕೊಡಿ. ಹತ್ತು ರೂಪಾಯಿ ನೋಟಿನ ಒಂದು ಕಟ್ಟು ತಂದು ಮುಂದಿಟ್ಟು, ಹಳೇ ಕಾಲದಲ್ಲಿ ಹೇಗೆ ಎಣಿಸುತ್ತಿದ್ದಿರಿ ತೋರಿಸಿ ಅನ್ನಿ. 2001ರ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ನಿಲ್ಲಿಸಿ ಅಂತ ಹೇಳುವ ತನಕ ನೋಟಿನ ಕಟ್ಟಿಗೆ ಪಿನ್ ಹೊಡೆಯುತ್ತಿದ್ದರು. ಆ ಪಿನ್ ಕಿತ್ತು ಕಿತ್ತು ಉಗುರಿನ ಸಂದಿ ಹರಿದುಹೋಗುತ್ತಿತ್ತು. ಅವರ ಎಡಗೈ ಬೆರಳುಗಳನ್ನು ಹತ್ತಿರದಿಂದ ನೋಡಿ, ಗುರುತು ಇನ್ನೂ ಇದ್ದೀತು. ಅಲ್ಲಿಂದ ಮಾತು ಶುರುವಾಗುತ್ತದೆ. ರೆಕಾರ್ಡ್ ಮಾಡಿಕೊಳ್ಳಿ, ನಡುವೆ ಮಾತಾಡಬೇಡಿ, ಒಂದು ಸಲಕ್ಕೆ ಅರ್ಧ ಗಂಟೆ ಸಾಕು.

ಆಮೇಲೆ ಬೀಗದ ಕೈ ಬಗ್ಗೆ ಕೇಳಿ. ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ ಇರುತ್ತಿದ್ದವು. ಒಂದು ಹೆಡ್ ಕ್ಯಾಷಿಯರ್ ಹತ್ತಿರ, ಇನ್ನೊಂದು ಮ್ಯಾನೇಜರ್ ಅಥವಾ ಅಕೌಂಟೆಂಟ್ ಹತ್ತಿರ. ಇಬ್ಬರೂ ಬಂದ ಹೊರತು ಬಾಗಿಲು ತೆರೆಯುವುದಿಲ್ಲ. ರಜೆ ಹಾಕಬೇಕೆಂದರೆ ರಿಜಿಸ್ಟರಿನಲ್ಲಿ ಬರೆದು, ಸಹಿ ಮಾಡಿ, ಇನ್ನೊಬ್ಬರ ಕೈಗೆ ಒಪ್ಪಿಸಿಯೇ ಹೋಗಬೇಕು. ಮದುವೆ, ಸಾವು, ಹಬ್ಬ, ಯಾವುದಿದ್ದರೂ ಅಷ್ಟೇ. ನಿಮ್ಮಪ್ಪ ಎಷ್ಟು ಮದುವೆಗಳನ್ನು ತಪ್ಪಿಸಿಕೊಂಡರು ಅಂತ ನಿಮಗೆ ಈಗ ಗೊತ್ತಾಗುತ್ತದೆ. ಕೆಲಸಕ್ಕೆ ಸೇರಿ ಎಷ್ಟು ವರ್ಷಕ್ಕೆ ಬೀಗದ ಕೈ ಸಿಕ್ಕಿತು, ಯಾರು ಕೊಟ್ಟರು, ನಿವೃತ್ತಿಯ ದಿನ ಯಾರ ಕೈಗೆ ಒಪ್ಪಿಸಿ ಬಂದರು ಅಂತ ಕೇಳಿ. ಆ ಎರಡು ಹೆಸರು ಬರೆದುಕೊಳ್ಳಿ. ಒಬ್ಬರು ನಿಮ್ಮನ್ನು ಅಪ್ಪನಿಗಿಂತ ಹಿಂದಿನ ಕಾಲಕ್ಕೆ ಕರೆದುಕೊಂಡು ಹೋಗುತ್ತಾರೆ, ಇನ್ನೊಬ್ಬರು ಮುಂದಕ್ಕೆ. ಮರುದಿನ ಬೆಳಿಗ್ಗೆ ಅವರ ಮನೆ ವಿಳಾಸ ವಿಚಾರಿಸಿಕೊಂಡು ಹೊರಡಿ.